ಎಡಕ್ಕೆ ಬಿದ್ದ ಹೂವು

ಮೊನ್ನೆ ತಿಪಟೂರಿನ ಸಂತೆಯಲ್ಲಿ ಹೂವಿನವಳೊಬ್ಬಳು ಬುಟ್ಟಿಯ ಮೇಲೆ ಹೊದಿಸಿದ್ದ ಒದ್ದೆ ಗೋಣಿ ಸರಿಸಿದಳು. ಒಳಗೆ ಕಣಗಲೆ ಹೂವು. ನೀರು ಕುಡಿದ ಕಣಗಲೆಯ ಆ ತಣ್ಣನೆಯ, ತುಸು ಕಹಿ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತುಹೋಯಿತು. ಹಂದನಕೆರೆ ಪಕ್ಕದ ನಮ್ಮ ಮನೆಯಲ್ಲಿ ದೊಡ್ಡ ಮಾತುಗಳೆಲ್ಲ ತೀರ್ಮಾನವಾಗುತ್ತಿದ್ದುದು ಆ ವಾಸನೆಯ ನಡುವೆಯೇ. ನಮ್ಮ ತೆಂಗಿನ ತೋಟದ ಅಂಚಿಗೆ ಊರದೇವತೆ ಅಮ್ಮನ ಗುಡಿಯಿತ್ತು. ಮದುವೆಯಿರಲಿ, ಬಾವಿ ತೋಡುವುದಿರಲಿ, ತಾತ ತಲೆಗೆ ನೀರು ಹಾಕಿಕೊಂಡು ಅಲ್ಲಿಗೆ ಹೋಗಿ ಅಪ್ಪಣೆ ಕೇಳುತ್ತಿದ್ದ. ಪೂಜಾರಿ ಅಮ್ಮನ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಕಣಗಲೆ ಹೂವು ಅಂಟಿಸಿ ಹಿಂದೆ ಸರಿಯುತ್ತಿದ್ದ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಆಮೇಲೆ ಯಾರೂ ತುಟಿ ಎರಡು ಮಾಡುವಂತಿರಲಿಲ್ಲ.

ನನ್ನ ಅವ್ವ ಆ ಮನೆಗೆ ಸೊಸೆಯಾಗಿ ಬಂದದ್ದು ಬಲಗಡೆ ಬಿದ್ದ ಹೂವಿನಿಂದ. ಅಪ್ಪ ಕೆಟ್ಟವನಲ್ಲ, ಆದರೆ ಮಾತಾಡುತ್ತಿರಲಿಲ್ಲ. ಸಾರು ಹಿಡಿಸದಿದ್ದರೆ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದುಹೋಗುತ್ತಿದ್ದ, ಅಷ್ಟೇ. ಅವ್ವ ಹಿತ್ತಿಲ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತ, ಗುಡಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. "ನೀನೇ ತಂದ್ ಹಾಕ್ದೆ, ನೀನೇ ನೋಡ್ಕ," ಎನ್ನುತ್ತಿದ್ದಳು. ಅತ್ತಾದ ಮೇಲೆ ಮುಖ ತೊಳೆದುಕೊಂಡು ಒಳಗೆ ಬಂದರೆ ಅವಳ ಮುಖ ಹಗುರಾಗಿರುತ್ತಿತ್ತು. ಅಟ್ಟದ ತುಂಬ ಕೊಬ್ಬರಿಗೆಂದು ಬಿಟ್ಟ ಕಾಯಿಗಳು ಹೊಗೆಯಲ್ಲಿ ಒಣಗುತ್ತಿದ್ದವು. ಅದರ ಕೆಳಗೆ ಕೂತು ನನಗೆ ಜಡೆ ಹೆಣೆಯುತ್ತಿದ್ದವಳು ಗೌರತ್ತೆ, ಅಪ್ಪನ ಒಬ್ಬಳೇ ತಂಗಿ. ಅವಳ ಕೈ ಯಾವತ್ತೂ ನೋಯಿಸಿದ್ದಿಲ್ಲ.

ಗೌರತ್ತೆಯನ್ನು ಕೇಳಿಕೊಂಡು ತುರುವೇಕೆರೆಯಿಂದ ರಾಜಣ್ಣ ಬಂದ. ನಮ್ಮ ಜನವೇ, ಅಲ್ಲಿ ಬಟ್ಟೆ ಹೊಲಿಯುತ್ತಿದ್ದ. ಹಿರಿಯರ ಮಾತೆಲ್ಲ ಮುಗಿದ ಮೇಲೆ, ಕಾಫಿ ತಂದಿಟ್ಟ ಅತ್ತೆಯ ಕಡೆ ತಿರುಗಿ, "ನಿಮಗೆ ಒಪ್ಗೆನಾ?" ಎಂದು ಕೇಳಿದ. ಆ ಮನೆಯಲ್ಲಿ ಒಂದು ಹೆಣ್ಣನ್ನು ಹಾಗೆ ಯಾರೂ ಕೇಳಿದ್ದಿಲ್ಲ. ಅತ್ತೆ ಬಾಗಿಲ ಮರೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

ಮಾರನೆಯ ಬೆಳಿಗ್ಗೆ ಗುಡಿಯಲ್ಲಿ ಎಡಗಡೆಯ ಹೂವು ಬಿತ್ತು. ಆರತಿ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ.

"ಎಡಕ್ಕೆ ಬಿತ್ತಲ್ಲ ಕಣವ್ವ. ಇನ್ನ ಆ ಮಾತು ಬುಡು," ಎಂದ ತಾತ.

"ಅಮ್ಮ ಬ್ಯಾಡ ಅಂದ್ಲು, ಸರಿ," ಎಂದಳು ಅತ್ತೆ. "ಬದುಕೋಳು ನಾನಲ್ವಾ ಅಪ್ಪ? ನಾನು ಹೋಯ್ತೀನಿ."

ತಾತ ಬೈಯಲಿಲ್ಲ. "ಹೋಗು. ಆದ್ರೆ ನಾಳೆ ಅಳ್ತಾ ಈ ಹೊಸ್ಲಿಗೆ ಬರಬ್ಯಾಡ."

"ಬರಾಕಿಲ್ಲ."

ಬೇಸಿಗೆ ರಜೆಯಲ್ಲಿ ಅವ್ವ ದಬ್ಬೇಘಟ್ಟದ ತವರಿಗೆ ಹೋಗುವಾಗ ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟುಹೋಗುತ್ತಿದ್ದಳು. ಮೊದಲಿನ ವರ್ಷಗಳಲ್ಲಿ ಅದು ನಗುವಿನ ಮನೆ. ಅಂಗಡಿಯ ಹಿಂದೆ ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಮಾವ ಉಳಿದ ಬಟ್ಟೆಯ ಚೂರುಗಳಿಂದ ನನಗೆ ಲಂಗ ಹೊಲಿದುಕೊಡುತ್ತಿದ್ದ. ಆಮೇಲೊಂದು ವರ್ಷ ಹೋದಾಗ ಸೂಜಿಗೆ ದಾರ ಪೋಣಿಸುವುದು ಅವನಿಂದ ಆಗುತ್ತಿರಲಿಲ್ಲ, ಅತ್ತೆ ಪೋಣಿಸಿಕೊಡುತ್ತಿದ್ದಳು. ಕಣ್ಣಿನ ನರ ಒಣಗುತ್ತಿದೆ, ಮಾಡುವಂಥದ್ದು ಏನೂ ಇಲ್ಲ ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದ್ದರು. ಅದರ ಮುಂದಿನ ಬೇಸಿಗೆಯ ಹೊತ್ತಿಗೆ ಮೆಷಿನ್ ಮುಂದೆ ಅತ್ತೆ ಕೂತಿದ್ದಳು, ಮಾವ ಗೋಡೆಗೊರಗಿ ಚಾಪೆಯ ಮೇಲೆ.

ಮೆಷಿನ್ ಸದ್ದು ನಿಂತರೆ ಸಾಕು, "ಗೌರಿ, ಇದ್ದೀಯಾ?" ಎನ್ನುತ್ತಿದ್ದ. "ಇದ್ದೀನಿ," ಎನ್ನುತ್ತಿದ್ದಳು ಅತ್ತೆ. ನೀರಿಗೆ ಹೋದರೂ ತಡವರಿಸುತ್ತ ಬಾಗಿಲವರೆಗೆ ಬಂದು ಕೂಗುತ್ತಿದ್ದ, ಬೀದಿಯವರು ಹೊರಬಂದು ನೋಡುತ್ತಿದ್ದರು. ಬರಬರುತ್ತ ಅವಳು ಎಲ್ಲಿಗೂ ಹೋಗುವುದನ್ನೇ ಬಿಟ್ಟಳು. ಹೊಲಿಯಲು ಬಟ್ಟೆ ಇಲ್ಲದ ಮಧ್ಯಾಹ್ನಗಳಲ್ಲೂ ಮೆಷಿನ್ ತುಳಿಯುತ್ತ ಕೂತಿರುತ್ತಿದ್ದುದನ್ನು ನಾನು ನೋಡಿದ್ದೇನೆ. ಸೂಜಿಯ ಕೆಳಗೆ ಏನೂ ಇರುತ್ತಿರಲಿಲ್ಲ. ಕಾಲು ತುಳಿಯುತ್ತಿತ್ತು, ಕಣ್ಣು ಕಿಟಕಿಯಾಚೆ, ತಿಪಟೂರಿನ ಬಸ್ಸುಗಳು ಹೋಗುವ ರಸ್ತೆಯ ಮೇಲೆ ಇರುತ್ತಿತ್ತು.

ಊರಿನಲ್ಲಿ ಎಲ್ಲರದೂ ಒಂದೇ ಮಾತು. ಹೂವಿನ ಮಾತು ಮೀರಿದಳು, ಅನುಭವಿಸುತ್ತಿದ್ದಾಳೆ. ಅದು ನನ್ನ ತಲೆಯಲ್ಲೂ ಕೂತುಬಿಟ್ಟಿತ್ತು. ಒಂದು ದಿನ ಅತ್ತೆಯ ಪಕ್ಕ ಕೂತು ಕೇಳಿದೆ, ಆವತ್ತು ಹೂವು ಬಲಕ್ಕೆ ಬಿದ್ದಿದ್ದರೆ ಮಾವನ ಕಣ್ಣು ಹೋಗುತ್ತಿರಲಿಲ್ಲವಾ ಎಂದು.

ಅತ್ತೆ ತುಳಿಯುವುದನ್ನು ನಿಲ್ಲಿಸಲಿಲ್ಲ. ಮಾವನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಆಗ್ಲೂ ಹೋಗ್ತಿತ್ತು ಕಣೇ. ಆದ್ರೆ ಆಗ ನಿಮ್ ತಾತ ಬಂದು ನನ್ ಪಕ್ಕ ಕೂತ್ಕತಿದ್ರು."

ತಾತ ಬರಲೇ ಇಲ್ಲ. ಅವನು ತೀರಿಕೊಂಡ ದಿನ ಅತ್ತೆ ಬಂದಳು. ಹೆಣದ ಕಾಲು ಮುಟ್ಟಿ ನಮಸ್ಕರಿಸಿದಳು, ಕಣ್ಣಲ್ಲಿ ಒಂದು ಹನಿ ಇಲ್ಲ. ಕಲ್ಲು ಮನಸ್ಸಿನವಳು ಎಂದರು ನೆಂಟರು. ಮಾವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದರಿಂದ ಮಣ್ಣು ಮುಗಿದ ಕೂಡಲೇ ಹೊರಟು ನಿಂತಳು. ಅವ್ವ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡಳು.

"ನೀನು ಒಂದ್ಸಲನಾದ್ರೂ ನಿನ್ನಿಷ್ಟದಂಗೆ ನಡ್ದೆ ಗೌರಿ. ನಂಗೆ ಅದೂ ಇಲ್ಲ."

"ಬೈಯಾಕೆ ನಿಂಗೆ ಅಮ್ಮ ಅವ್ಳೆ ಅತ್ತಿಗೆ. ನಾನೇ ಹೂಂ ಅಂದು ಹೋದೋಳು. ನಾನ್ ಯಾರ್ ಮುಂದೆ ಅಳ್ಲಿ?"

ಅವ್ವ ಅತ್ತೆಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಬಸ್ಸು ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಅವ್ವ ಹೋದಳು, ಮಾವನೂ ಹೋದ. ಊರಿನ ಮನೆ ಪಾಲಾಗಿ, ಅಟ್ಟ ಇಳಿಸಿ, ಗೋಡೆ ಕೆಡವಿದರು. ತಿಪಟೂರಿಗೆ ಬಂದು ನನ್ನ ಜೊತೆ ಇರು ಎಂದು ಅತ್ತೆಯನ್ನು ಎಷ್ಟು ಸಲ ಕರೆದೆನೋ. "ಬತ್ತೀನಿ ಮಗ, ಬತ್ತೀನಿ," ಎನ್ನುತ್ತಿದ್ದಳು. ಪಕ್ಕದ ಮನೆಯವರು ಹೇಳುತ್ತಿದ್ದರು, ಎಷ್ಟೋ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು, ತಿಪಟೂರಿನ ಬಸ್ಸು ನಿಲ್ಲುವ ಬೀದಿಯ ಕೊನೆಯವರೆಗೂ ಹೋಗುತ್ತಿದ್ದಳಂತೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತಿದ್ದಳಂತೆ. ತಡೆಯುವವರು ಯಾರೂ ಇರಲಿಲ್ಲ. ಹೋದ ವರ್ಷ ಅವಳೂ ಹೋದಳು. ಮನೆ ಖಾಲಿ ಮಾಡಲು ಹೋದಾಗ ಆ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಒಳಗೆ ಮಡಿಸಿಟ್ಟ ಒಂದು ಸೀರೆ, ಒಂದು ಟವೆಲ್ಲು, ನನ್ನ ಮೊಮ್ಮಗಳಿಗೆಂದು ಹೊಲಿದ ಪುಟ್ಟ ಲಂಗ ಇದ್ದವು.