ಸ್ವರವಿಲ್ಲದ ಗಾಡಿ

ಕುಲಶೇಖರದಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯವರು ಕುವೈತಿನಿಂದ ಮರಳಿದ ಕೊಂಕಣಿ ಅಂಕಲ್. ಒಂದು ಕಡೆ ಕೂತವರಲ್ಲ. ಮಾತಾಡುವಾಗಲೂ ಬೆರಳಲ್ಲಿ ಕಾರಿನ ಕೀ ಗಿರಗಿರ ತಿರುಗುತ್ತಿರಬೇಕು. ಅವರ ದೊಡ್ಡ ಪೆಟ್ರೋಲ್ ಕಾರು ಬೆಳಿಗ್ಗೆ ಗುಡುಗಿದರೆ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು. “ಗಾಡಿಗೆ ಸ್ವರ ಬೇಕು ಮಾರಾಯ,” ಎನ್ನುತ್ತಿದ್ದರು. ಆ ಸ್ವರ ಕೇಳಿಯೇ ಆಂಟಿ ಗೇಟು ತೆರೆದು, ತಿರುಗಿ ನೋಡದೆ ಬದಿಗೆ ಸರಿಯುತ್ತಿದ್ದರು.

ಮಗಳ ಒತ್ತಾಯಕ್ಕೆ ಅದನ್ನು ಮಾರಿ ಎಲೆಕ್ಟ್ರಿಕ್ ಕಾರು ತಂದ ಮೇಲೆ ಅವರ ಚಡಪಡಿಕೆ ಹೆಚ್ಚಿತು. ಚಾರ್ಜಿಗೆ ಹಾಕಿ ಮತ್ತೆ ಮತ್ತೆ ಎದ್ದು ಹೋಗಿ ನೋಡುವರು. ಬಾನೆಟ್ ಮೇಲೆ ಕೈಯಿಟ್ಟು, “ಎಂತ ಇದು, ಜೀವ ಉಂಟಾ ಇಲ್ವಾ ಗೊತ್ತಾಗುದಿಲ್ಲ,” ಎನ್ನುವರು.

ಒಂದು ಭಾನುವಾರ ಇಬ್ಬರೂ ಇಗರ್ಜಿಯ ಪೂಜೆಗೆ ಹೊರಟಿದ್ದರು. ಆಂಟಿ ಗೇಟು ತೆರೆದು, ಕಾರಿಗೆ ಬೆನ್ನು ಹಾಕಿ, ನನ್ನ ಹೆಂಡತಿಯೊಡನೆ ಬಂಗುಡೆ ಮೀನಿನ ಮಾತಾಡುತ್ತ ನಿಂತಿದ್ದರು. ಅವರು ಸರಿಯುತ್ತಾರೆಂದು ಅಂಕಲ್ ಎಂದಿನಂತೆ ಗಾಡಿ ಬಿಟ್ಟರು. ನಾನು ಕೂಗಿದೆ. ಬಂಪರು ಆಂಟಿಯ ಸೀರೆಗೆ ತಾಗಿ ನಿಂತಿತು.

“ಒಂದು ಹಾರ್ನ್ ಹಾಕಿದ್ರೆ ಸಾಕಲ್ಲ ಅಂಕಲ್,” ಎಂದೆ ಸಂಜೆ.

“ಹೆಂಡತಿಗೆ ಹಾರ್ನ್ ಹಾಕುದಾ?” ಎಂದು ನನ್ನನ್ನೇ ಗದರಿದರು.

ಮರುದಿನದಿಂದ ಗಾಡಿ ಹೊರಡಿಸುವಾಗಲೆಲ್ಲ ಅವರು ಗಾಜು ಇಳಿಸಿ, ತಲೆ ಹೊರಹಾಕಿ, ಗೇಟು ದಾಟುವ ತನಕ ಕೊಂಕಣಿಯಲ್ಲಿ ಕೂಗುತ್ತಲೇ ಇರುತ್ತಿದ್ದರು: “ಯೆತಾಂ, ಯೆತಾಂ, ಯೆತಾಂ.” ಬರುತ್ತಿದ್ದೇನೆ ಅಂತ. ಆಂಟಿ ತಿರುಗಿ ನೋಡದೆ ಬದಿಗೆ ಸರಿಯುತ್ತಿದ್ದರು.