ತಗಡಿನ ಬಸ್ಸಿಗೆ ಕಿಟಕಿ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ ಹನುಮಂತಪ್ಪನ ತಗಡಿನ ಅಂಗಡಿ ಇತ್ತು. ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಬುಡ್ಡಿದೀಪ, ಲಾಳಿಕೆ, ಅಕ್ಕಿ ಅಳೆಯುವ ಸೇರು, ಏನು ಕೇಳಿದರೂ ಮಾಡಿಕೊಡುತ್ತಿದ್ದ. ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಜೊತೆಗೇ ಹೋದ ಮೇಲೆ ಆತ ಮನೆಗಿಂತ ಅಂಗಡಿಯಲ್ಲೇ ಹೆಚ್ಚು ಇರುತ್ತಿದ್ದ. ಬೆಳಗ್ಗೆ ಹೊತ್ತಿಸಿದ ಬೆಸುಗೆ ಒಲೆ ಅಂಗಡಿ ಮುಚ್ಚುವವರೆಗೂ ಆರುತ್ತಿರಲಿಲ್ಲ. ಸುತ್ತಿಗೆ ಸದ್ದಿನ ನಡುವೆ ಅವನ ಜೊತೆ ಮಾತಾಡುವವರೂ ಇರಲಿಲ್ಲ.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಬಸ್ ಮಾಲೀಕ ಶಿವಮೂರ್ತಪ್ಪನವರು ಸೊರಬದ ಮೇಲೆ ಹಾದು ಜಡೆ ಊರಿಗೆ ಹೊಸ ಬಸ್ ಬಿಡುವವರಿದ್ದರು. ಅಂಥದ್ದೇ ಮೊಳದುದ್ದದ ಬಸ್ಸೊಂದನ್ನು ಮಾಡಿಕೊಡು, ಆಫೀಸಿನ ಮೇಜಿನ ಮೇಲೆ ಇಡೋಣ ಎಂದರು. ಹನುಮಂತಪ್ಪನಿಗೆ ಬಹಳ ದಿನದ ಮೇಲೆ ಕೈ ತುರಿಸಿತು. ಬಾಡಿ, ಚಕ್ರ, ಮೇಲಿನ ಲಗೇಜಿನ ಕಂಬಿ ಎಲ್ಲ ಬೆಸುಗೆಯಲ್ಲಿ ಸಲೀಸಾಗಿ ಕೂತವು. ತೊಡಕಾದದ್ದು ಕಿಟಕಿ. ಗಾಜು ಅಷ್ಟು ಸಣ್ಣಗೆ ಸಿಗುವುದಿಲ್ಲ. ಫೋಟೋ ಸ್ಟುಡಿಯೋದವರು ಕೆಟ್ಟ ನೆಗೆಟಿವ್‌ಗಳನ್ನು ಕೊಟ್ಟರು. ವಾಷಿಂಗ್ ಸೋಡಾದ ಬಿಸಿನೀರಲ್ಲಿ ನೆನೆಸಿ ಉಜ್ಜಿದಾಗ ಯಾರ‍್ಯಾರದೋ ಮದುವೆಯ ಮುಖಗಳೆಲ್ಲ ತೊಳೆದುಹೋಗಿ ತಿಳಿಯಾದ ಪ್ಲಾಸ್ಟಿಕ್ ಹಾಳೆ ಉಳಿಯಿತು.

ಆದರೆ ಅದು ತಗಡಿಗೆ ಹಿಡಿಯಬೇಕಲ್ಲ. ಮೈದಾ ಅಂಟು ಒಣಗಿದ ಕೂಡಲೇ ಹಪ್ಪಳದಂತೆ ಎದ್ದುಬಂತು. ಅರಗು ಕರಗಿಸಿ ಹಚ್ಚಿದರೆ ಆ ಬಿಸಿಗೆ ಹಾಳೆ ಮುದುಡಿತು. ಸೈಕಲ್ ಪಂಕ್ಚರಿನ ಸಲ್ಯೂಷನ್ ಒಂದು ದಿನ ಹಿಡಿದಂತೆ ಮಾಡಿ, ಬಿಸಿಲು ಬಿದ್ದಾಗ ಕಿಟಕಿಯನ್ನು ಮೆಲ್ಲಗೆ ಕೆಳಕ್ಕೆ ಜಾರಿಸಿತು.

ಹುಲಿಗೆಮ್ಮ ಬಂದದ್ದು ಆ ಹೊತ್ತಿಗೇ. ಬಳೆಗಾರನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಅವನ ಪೆಟ್ಟಿಗೆಯನ್ನೇ ಹೊತ್ತು, ಶಿಕಾರಿಪುರ, ಬಳ್ಳಿಗಾವಿ, ಸೊರಬ ಎಂದು ತಿರುಗಿ, ಅತ್ತೆ ತಿಮ್ಮಮ್ಮನನ್ನು ಸಾಕುತ್ತಿದ್ದಳು. ಪೆಟ್ಟಿಗೆಯ ಕೀಲು ಕಿತ್ತಿತ್ತು. ಅದನ್ನು ಇಳಿಸಿದವಳ ಕಣ್ಣು ಬಸ್ಸಿನ ಮೇಲೆ ಹೋಯಿತು. ಜಾರಿದ ಕಿಟಕಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ತನ್ನ ಗಂಡ ಪ್ಲಾಸ್ಟಿಕ್ ಬಳೆಗೆ ಹಿತ್ತಾಳೆ ಹೂವು ಕೂರಿಸುತ್ತಿದ್ದುದನ್ನು ಹೇಳಿದಳು. ಒಡೆದ ಬಳೆಚೂರನ್ನು ಅಸಿಟೋನಿನಲ್ಲಿ ಕರಗಿಸಿ ಜೇನಿನ ಹದಕ್ಕೆ ತಂದರೆ ಅದೇ ಅಂಟು. ಅವನು ಮಾಡಿಟ್ಟ ಅಂಟಿನ ಬಾಟಲಿ ಇನ್ನೂ ಮನೆಯಲ್ಲಿದೆ, ನಾಳೆ ತರುತ್ತೇನೆ ಎಂದಳು.

ಮಾರನೆಯ ದಿನ ಬಂದವಳು ಬಾಟಲಿ ಕೆಳಗಿಡಲೇ ಇಲ್ಲ.

"ಮೊದ್ಲು ಒಲೆ ಆರಿಸ್ರಿ. ಇದು ಬೆಂಕಿ ಕಂಡ್ರೆ ಬಿಡಾಂಗಿಲ್ಲ."

ಹನುಮಂತಪ್ಪ ನಡುಹಗಲಲ್ಲಿ ಒಲೆಗೆ ನೀರು ಸುರಿದ. ಅಂಗಡಿ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಅವಳು ಹೇಳಿದಂತೆ ಕಿಟಕಿಯ ಅಂಚಿನ ತಗಡನ್ನು ಮರಳುಕಾಗದದಿಂದ ತರಿತರಿಯಾಗಿ ಉಜ್ಜಿದ. ಬೂದಿನೀರಲ್ಲಿ ತೊಳೆದು ಒರೆಸಿ, ಮರೆತು ಬೆರಳಲ್ಲಿ ಸವರಿದ. ಕೈಯ ಜಿಡ್ಡು ತಾಗಿದರೆ ಹಾಳೆ ಮತ್ತೆ ಎದ್ದುಬರುತ್ತದೆಂದು ಅವಳು ಇನ್ನೊಮ್ಮೆ ತೊಳೆಸಿದಳು. ಬೇವಿನ ಕಡ್ಡಿಯಿಂದ ತಗಡಿಗೆ ತೆಳ್ಳಗೆ ಒಂದು ಕೈ ಅಂಟು ಹಚ್ಚಿ ಒಣಗಲು ಬಿಟ್ಟರು. ಅದರ ಮೇಲೆ ಇನ್ನೊಂದು ಕೈ, ಹಾಳೆಯ ಅಂಚಿಗೂ ಚೂರು. ಮುಟ್ಟಿದರೆ ಬೆರಳಿಗೆ ಎಳೆ ಬರುವಷ್ಟು ಆರಿದ ಮೇಲೆ ಹಾಳೆಯನ್ನು ಒತ್ತಿ, ದಾರ ಸುತ್ತಿದರು. ಮೊದಲನೆಯದಕ್ಕೆ ಹನುಮಂತಪ್ಪ ಪ್ರೀತಿಯಿಂದ ಅಂಟು ಜಾಸ್ತಿ ಬಳಿದ. ಕಿಟಕಿ ಹಾಲು ಚೆಲ್ಲಿದಂತೆ ಮಬ್ಬಾಯಿತು. ಹುಲಿಗೆಮ್ಮ ಸೆರಗು ಅಡ್ಡ ಹಿಡಿದು ನಕ್ಕಳು.

ಒಣಗುವ ತನಕ ಒಲೆ ಹೊತ್ತಿಸುವಂತಿರಲಿಲ್ಲ. ಬೇರೆ ಕೆಲಸವೂ ಇಲ್ಲ. ಕೂತು ಮಾತಾಡಿದರು. ಊರೂರು ತಿರುಗಿ ಕಾಲು ಊದುವುದನ್ನು ಅವಳು ಹೇಳಿದಳು. ಯಾವ ಮನೆಯ ಸೊಸೆಗೆ ಎಷ್ಟನೇ ತಿಂಗಳು ಎಂಬುದನ್ನೂ ಹೇಳಿದಳು. ಅವನು ಕೂಸಿನ ಮುಖ ನೋಡಿರಲಿಲ್ಲ. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಅವಳು ಕೇಳಿಸಿಕೊಂಡು, ದಾರವನ್ನು ಬಿಗಿ ಮಾಡಿದಳು. ದಿನಕ್ಕೊಂದೆರಡು ಕಿಟಕಿಯಂತೆ ಕೆಲಸ ಸಾಗಿತು. ಇನ್ನೂ ಬೇಗ ಆಗಬಹುದಿತ್ತು. ಇಬ್ಬರೂ ಅವಸರ ಮಾಡಲಿಲ್ಲ.

ಕೊನೆಯ ಕಿಟಕಿಗೆ ದಾರ ಸುತ್ತುವಾಗ ಹನುಮಂತಪ್ಪ ತಲೆಯೆತ್ತದೆ ಕೇಳಿದ.

"ನಮ್ಮ ಮನೀಗೆ ಬರ್ತೀಯಾ, ಹುಲಿಗೆಮ್ಮ?"

ಅವಳು ಗಂಟು ಹಾಕಿ ಮುಗಿಸಿದಳು. "ನಾನು ಒಬ್ಬಳೇ ಅಲ್ಲ. ನಮ್ಮತ್ತಿ ಅದಾರೆ."

"ಅವ್ರನ್ನ ಬಿಟ್ಟು ಬಾ ಅಂತ ನಾ ಎಲ್ಲಿ ಹೇಳ್ದೆ?"

ಅವರಿಬ್ಬರ ಕುಲದಲ್ಲೂ ಗಂಡ ಸತ್ತವಳಿಗೆ ಹಿರಿಯರು ಹೊಸ ಸೀರೆ ಉಡಿಸಿ ಮತ್ತೊಂದು ಮನೆಗೆ ಕಳಿಸುವ ರೂಢಿ ಇತ್ತು. ಉಡಿಕೆ ಅನ್ನುತ್ತಿದ್ದರು. ಆದರೂ ಸತ್ತ ಮಗನ ತಾಯಿಯ ಎದುರು ಆ ಮಾತು ಎತ್ತುವುದು ಹೇಗೆಂದು ಹುಲಿಗೆಮ್ಮ ಎರಡು ದಿನ ಊಟ ಸೇರದೆ ಒದ್ದಾಡಿದಳು. ಕೊನೆಗೆ ತಿಮ್ಮಮ್ಮನೇ ಆ ಮಾತು ತೆಗೆದಳು. ಮಗನ ಬಾಟಲಿಯನ್ನು ಮೂಲೆಯಿಂದ ತೆಗೆದ ದಿನವೇ ತನಗೆ ತಿಳಿಯಿತು ಎಂದಳು. ಸ್ವಲ್ಪ ಹೊತ್ತು ಅತ್ತಳು. ಹುಲಿಗೆಮ್ಮನೂ ಅತ್ತಳು. ಆಮೇಲೆ ಮುದುಕಿ ಮೂಗು ಒರೆಸಿಕೊಂಡು, ಸೀರೆಯನ್ನು ತಾನೇ ಆರಿಸಬೇಕು, ಬೇರೆ ಯಾರೂ ಆ ತಂಟೆಗೆ ಬರಬಾರದು ಎಂದಳು.

ಕಿಟಕಿಗಳು ಗಟ್ಟಿ ನಿಂತವು. ಶಿವಮೂರ್ತಪ್ಪನವರು ಮಬ್ಬಾದ ಒಂದನ್ನು ನೋಡಿ, ಅಲ್ಲಿ ಕೂತವರು ಮಲಗಿಬಿಟ್ಟಿದ್ದಾರೇನೋ ಎಂದು ನಕ್ಕು, ಬಸ್ಸನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದರು.

ಉಡಿಕೆ ಆಷಾಢಕ್ಕೆ ಮೊದಲೇ ಆಯಿತು. ತಿಮ್ಮಮ್ಮ ಹಸಿರು ಸೀರೆಯ ಸೆರಗನ್ನು ಸೊಸೆಯ ತಲೆಯ ಮೇಲೆ ಎಳೆದಳು. ಹನುಮಂತಪ್ಪನನ್ನು ಏನೆಂದು ಕರೆಯುವುದೆಂದು ಅವನ ಮನೆಗೆ ಸೊಸೆಯ ಜೊತೆ ಬಂದ ಮುದುಕಿಗೆ ಕೆಲವು ದಿನ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಅವನು ಊಟಕ್ಕೆ ತಡಮಾಡಿದಾಗ ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಕರೆದಳು: "ಮಗಾ, ಮುದ್ದೆ ಆರತೈತಿ, ಬಾ."