ಸಾಹೇಬರ ಹೊಟ್ಟೆ, ಯಹ್ಯಾನ ರಜೆ

ಉಳ್ಳಾಲದ ಯಹ್ಯಾನಿಗೆ ಗ್ರೀಕ್ ಭಾಷೆಯಲ್ಲಿ ಬರುತ್ತಿದ್ದದ್ದು ಒಂದೇ ಕ್ರಿಯಾಪದ: ಹೇಝೊ. ಮನುಷ್ಯ ಬೆಳಿಗ್ಗೆ ಎದ್ದು ಬಾಗಿಲು ಹಾಕಿಕೊಂಡು ಮಾಡುವ ಕೆಲಸಕ್ಕೆ ಗ್ರೀಕರ ಆಡುಮಾತು ಅದು. ರಿಯಾದ್‌ನಲ್ಲಿ ಅವನು ಕಾರು ಓಡಿಸುತ್ತಿದ್ದದ್ದು ಗ್ರೀಸ್ ದೇಶದ ಇಂಜಿನಿಯರ್ ಸ್ತಾವ್ರೋಸ್ ಸಾಹೇಬರಿಗೆ. ಹೆದರಿದರೂ ಅವರ ಬಾಯಲ್ಲಿ ಅದೇ, ಯಾರನ್ನಾದರೂ ಝಾಡಿಸಿದರೂ ಅದೇ, 'ನನಗೇನಂತೆ' ಎನ್ನಲೂ ಅದೇ, 'ತೊಲಗಾಚೆ' ಎನ್ನಲೂ ಅದೇ. ಆರು ವರ್ಷದಲ್ಲಿ ಯಹ್ಯಾ ಅಷ್ಟೂ ಬಳಕೆಗಳನ್ನು ಅರೆದು ಕುಡಿದಿದ್ದ.

೨೦೧೬ರಲ್ಲಿ ಮಗಳು ಹಫ್ಸಾಳ ನಿಕಾಹ್ ನಿಶ್ಚಯವಾಯಿತು, ಭಾನುವಾರಕ್ಕೆ. ವರನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕಾದವನು ತಂದೆ. ಇಲ್ಲದಿದ್ದರೆ ಆ ಜಾಗದಲ್ಲಿ ಯಹ್ಯಾನ ಅಣ್ಣ ಕೂರಬೇಕು. ಅವಳು ಹುಟ್ಟಿದಾಗ ಇವನು ಸೌದಿಯ ಬುರೈದಾದಲ್ಲಿದ್ದ, ಶಾಲೆಗೆ ಸೇರಿದಾಗ ತಬೂಕ್‌ನಲ್ಲಿ. ಇದೊಂದು ತಪ್ಪಬಾರದೆಂದು ಜೀವ ಒದ್ದಾಡುತ್ತಿತ್ತು.

ಟಿಕೆಟ್ ಗುರುವಾರ ಸಂಜೆಯದ್ದು. ಸೋಮವಾರ ಸಾಹೇಬರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಯಹ್ಯಾನ ಪಾಸ್‌ಪೋರ್ಟ್ ಆಫೀಸಿನ ಕಪಾಟಿನಲ್ಲಿ, ಅದರ ಬೀಗದಕೈಯನ್ನು ಸಾಹೇಬರು ಹೆತ್ತ ತಾಯಿಗೂ ಕೊಡುವವರಲ್ಲ. "ಬಿಡುಗಡೆಯಾದ ಮೇಲೆ ನಾನೇ ಬಂದು ತೆಗೆಯುತ್ತೇನೆ" ಎಂದುಬಿಟ್ಟರು.

ಬಿಡುಗಡೆ ಯಾವಾಗ? ಕಾರ್ಕಳದ ನರ್ಸ್ ಸ್ವರ್ಣಲತಾ ಕೈಚೆಲ್ಲಿದಳು.

"ಹೊಟ್ಟೆ ಖಾಲಿ ಆಗದೆ ಡಾಕ್ಟ್ರು ಬಿಡುದಿಲ್ಲ ಮಾರಾಯ್ರೆ. ದಿನಾ ಕೇಳ್ತೇನೆ. ಮುಖ ಕೆಂಪು ಮಾಡಿ ಗೋಡೆ ನೋಡ್ತಾರೆ, ಎಂತ ಮಾಡುದು?"

ಯಹ್ಯಾ ಅವಳನ್ನು ಕೇಳಿಯೇ ಖರ್ಜೂರ ನೆನೆಸಿದ ನೀರು ಕುಡಿಸಿದ. ಹಿಂದುಗಡೆ ತೆರೆದ ಆಸ್ಪತ್ರೆಯ ಅಂಗಿಯನ್ನು ಒಂದು ಕೈಯಲ್ಲಿ ಒಟ್ಟುಮಾಡಿ ಹಿಡಿದ ಸಾಹೇಬರನ್ನು ವರಾಂಡದುದ್ದಕ್ಕೂ ನಡೆಸಿದ. "ಯಲ್ಲಾ ಸಾಹೇಬ್, ಯಲ್ಲಾ!" ಪಕ್ಕದ ಹಾಸಿಗೆಯ ಪಠಾಣನೂ ಸಾಹೇಬರ ಹೊಟ್ಟೆಗಾಗಿ ದುವಾ ಮಾಡಿದ. ಏನೂ ಸುದ್ದಿಯಿಲ್ಲ.

ಗುರುವಾರ ಬೆಳಿಗ್ಗೆ ಅವನ ತಾಳ್ಮೆ ಕೆಟ್ಟಿತು. ಆರು ವರ್ಷ 'ಯೆಸ್ ಸರ್' ಬಿಟ್ಟು ಬೇರೆ ಮಾತಾಡದ ಯಹ್ಯಾ ಮಂಚದ ಕಾಲು ಹಿಡಿದು, ಆ ಕ್ರಿಯಾಪದವನ್ನು ಅದರ ಅಸಲು ಅರ್ಥದಲ್ಲೇ ಬಳಸಿ ಕೇಳಿಬಿಟ್ಟ: ಆಯಿತೋ, ಇಲ್ಲವೋ?

ಸಾಹೇಬರು ಚಾದರವನ್ನು ಮೂಗಿನವರೆಗೆ ಎಳೆದುಕೊಂಡರು.

"ಮಂಗಳವಾರವೇ ಆಯಿತು" ಎಂದು ಪಿಸುಗುಟ್ಟಿದರು. "ಹೆಣ್ಣುಮಗಳ ಹತ್ತಿರ ಅದನ್ನೆಲ್ಲ ಹೇಗಯ್ಯಾ ಹೇಳುವುದು?"

ದಿನಕ್ಕೆ ನೂರು ಸಲ ಅದನ್ನೇ ಜಪಿಸುವ ಮಹಾನುಭಾವರಿಗೆ ನಾಚಿಕೆಯಂತೆ! ಯಹ್ಯಾ ವರಾಂಡಕ್ಕೆ ಹಾರಿ ಕೂಗಿದ: "ಸಿಸ್ಟರೇ, ಆಗಿದೆಯಂತೆ! ಮಂಗಳವಾರವೇ ಆಗಿದೆಯಂತೆ!" ಇಡೀ ವಾರ್ಡು ಚಪ್ಪಾಳೆ ತಟ್ಟಿತು.

ಮಧ್ಯಾಹ್ನ ಪಾಸ್‌ಪೋರ್ಟ್ ಕೈಗೆ ಬಂದೊಡನೆ ಹೆಂಡತಿ ಉಮ್ಮೆ ಕುಲ್ಸುಮ್‌ಗೆ ಫೋನ್ ಮಾಡಿದ.

"ಹಾಗಾದ್ರೆ ಭಾವನಿಗೆ ಬೇಡ ಅಂತ ಹೇಳ್ತೇನೆ" ಎಂದಳು ಅವಳು. "ಮಗಳನ್ನು ನೀವೇ ಒಪ್ಪಿಸಿ."